ಟ್ರಂಕಿನೊಳಗಿನ ಕಾಗದ ಓದುವವರು ಯಾರು?

ಬೀದರ್ ಜಿಲ್ಲೆಯ ಬಗ್ಗೆ ಪ್ರಬಂಧ ಬರೆಯಿರಿ ಎಂದರೆ ನಾವೆಲ್ಲರೂ ಹೆಚ್ಚುಕಡಿಮೆ ಒಂದೇ ಪ್ರಬಂಧ ಬರೆಯುತ್ತೇವೆ. ಕರ್ನಾಟಕದ ಕಿರೀಟ, ಬಹಮನಿ ಕೋಟೆ, ಮಹಮೂದ್ ಗವಾನ್ ಮದರಸಾ, ಬಿದ್ರಿ ಕಲೆ, ಗುರುನಾನಕ್ ಝೀರಾ, ಕೊನೆಗೆ "ಆದರೂ ನಮ್ಮ ಗಡಿ ಭಾಗ ಹಿಂದುಳಿದಿದೆ" ಎಂಬ ಒಂದು ವಾಕ್ಯ. ಅಂಕ ಸಿಗುತ್ತದೆ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಆ ಪ್ರಬಂಧದಲ್ಲಿ ನಮ್ಮ ಹೊಲ, ನಮ್ಮ ಬಾವಿ, ನಮ್ಮ ಪಕ್ಕದ ಮನೆ ಎಲ್ಲಿಯೂ ಬರುವುದಿಲ್ಲ. ಕೋಟೆ ನೋಡಲು ಬಂದ ಪ್ರವಾಸಿಯೂ ಅದನ್ನೇ ಬರೆಯಬಲ್ಲ.

ನಾನು ಬರೆಯಬೇಕೆಂದಿರುವುದು ಪ್ರವಾಸಿಗೆ ಕಾಣದ ಒಂದು ವಸ್ತುವಿನ ಬಗ್ಗೆ. ನಮ್ಮ ಕಡೆಯ ಬಹಳಷ್ಟು ರೈತರ ಮನೆಗಳಲ್ಲಿ ಕಬ್ಬಿಣದ ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಕೆಳಗೆ, ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಕಟ್ಟು ಇರುತ್ತದೆ. ಅದರಲ್ಲಿ ನಿಜಾಮರ ಕಾಲದ ಜಮೀನಿನ ಕಾಗದಗಳು. ಬರಹ ಉರ್ದು. ಮನೆಯವರು ಮರಾಠಾ ಇರಬಹುದು, ಲಿಂಗಾಯತರಿರಬಹುದು, ನಮ್ಮಂಥ ಮುಸ್ಲಿಮರಿರಬಹುದು. ಓದಲು ಬರುವುದು ಮಾತ್ರ ಈಗ ಬಹುತೇಕ ಯಾರಿಗೂ ಇಲ್ಲ. ಇದನ್ನು ಓದುವ ಕೆಲಸ ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಹಿಡಿಯಬೇಕು, ಈ ವರ್ಷವೇ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ನೆಲದ ಮಾತು. ಬೀದರ್ ಪಟ್ಟಣ ಇರುವುದು ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗಿಂತ ಎತ್ತರದ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಈ ಕಲ್ಲು ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ಕೋಟೆಯ ಸುತ್ತಲಿನ ಮೂರು ಸಾಲಿನ ಕಂದಕವನ್ನು ಇದೇ ಬಂಡೆಯಲ್ಲಿ ಕೊರೆದಿದ್ದಾರೆ. ಮಳೆ ನೀರು ಕೆಂಪು ಕಲ್ಲಿನೊಳಗೆ ಇಳಿದು, ಕೆಳಗಿನ ಕಪ್ಪು ಬಂಡೆ ತಡೆದಾಗ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಗುರುನಾನಕ್ ಝೀರಾ, ಪಾಪನಾಶ, ನರಸಿಂಹ ಝರಣಿ ಎಲ್ಲವೂ ಹೀಗೆ ಹುಟ್ಟಿದ ನೀರು. ನೌಬಾದಿನ ಕಾರೇಜ್ ಎಂಬ ಸುರಂಗ ಕಾಲುವೆಯನ್ನು ಎರಡು ಕಿಲೋಮೀಟರಿಗೂ ಉದ್ದ ನೆಲದಡಿಯಲ್ಲಿ ಕೊರೆದವರು ಈ ಗುಟ್ಟನ್ನು ತಿಳಿದಿದ್ದವರು. ಇರಾನಿನ ವಿದ್ಯೆ, ಬೀದರಿನ ಕಲ್ಲು.

ಪ್ರಸ್ಥಭೂಮಿ ಇಳಿದು ಔರಾದ ಕಡೆ ಹೋದರೆ ಕೆಂಪು ಮುಗಿದು ಕಪ್ಪು ಎರೆಭೂಮಿ ಶುರು. ನಮ್ಮ ಊರು ಅಲ್ಲಿ. ತೊಗರಿ, ಜೋಳ, ಉದ್ದು, ಹೆಸರು, ಈಗೀಗ ಎಲ್ಲೆಲ್ಲೂ ಸೋಯಾ. ಬೇಸಿಗೆಯಲ್ಲಿ ನೆಲ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಚಪ್ಪಲಿ ಹಿಡಿದುಕೊಂಡು ಕೊಡುವುದೇ ಇಲ್ಲ. ಬೆಳಿಗ್ಗೆ ಕಾಲೇಜಿಗೆ ಬರುವ ಬಸ್ಸಿನಿಂದ ಕೃಷ್ಣಮೃಗಗಳು ಕಾಣುತ್ತವೆ. ಕಿಟಕಿ ಪಕ್ಕದ ಸೀಟು ಸಿಕ್ಕರೆ.

ಮಾಂಜ್ರಾ ನದಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಹುಟ್ಟಿ, ಲಾತೂರು ದಾಟಿ ನಮ್ಮಲ್ಲಿಗೆ ಬಂದು, ತೆಲಂಗಾಣಕ್ಕೆ ಹೋಗಿ ಗೋದಾವರಿ ಸೇರುತ್ತದೆ. ಮೂರು ರಾಜ್ಯ, ಒಂದೇ ನೀರು. ಮನುಷ್ಯರ ಓಡಾಟವೂ ಇದೇ ರೀತಿ. ನಮ್ಮ ಊರಿನ ತೊಗರಿ ಎಷ್ಟೋ ಸಲ ಉದಗಿರದ ಮಾರುಕಟ್ಟೆಗೆ ಹೋಗುತ್ತದೆ. ಕಾಯಿಲೆ ದೊಡ್ಡದಾದರೆ ಹೈದರಾಬಾದು. ಹೆಣ್ಣು ಕೊಡುವುದು ತರುವುದು ಮೂರೂ ಕಡೆ. ನಮ್ಮ ರಾಜ್ಯದ ರಾಜಧಾನಿ ಸುಮಾರು 700 ಕಿಲೋಮೀಟರ್ ದೂರದಲ್ಲಿದೆ. ನಮ್ಮದೇ ವಿಭಾಗದ ಕೇಂದ್ರ ಕಲಬುರಗಿಗೆ ಬೀದರಿನಿಂದ ನೇರ ರೈಲು ಮಾರ್ಗ ಪೂರ್ತಿಯಾಗಿದ್ದು 2017ರಲ್ಲಿ. ಅದಕ್ಕೆ ಮುಂಚೆ ನಮ್ಮ ರೈಲು ಹಳಿ ಒಂದು ಕಡೆ ವಿಕಾರಾಬಾದಿಗೆ, ಇನ್ನೊಂದು ಕಡೆ ಪರಳಿಗೆ ಹೋಗುತ್ತಿತ್ತು, ಎರಡೂ ತುದಿ ಬೇರೆ ರಾಜ್ಯ. ಹಳಿ ಹಾಕಿದವರ ಕಾಲದಲ್ಲಿ ಇದು ಗಡಿಯಾಗಿರಲಿಲ್ಲವಲ್ಲ.

ಅದೇ ವಿಷಯ. ಗಡಿ ಎಂಬುದು ನಮ್ಮ ಊರಿಗೆ 1956ರ ನವೆಂಬರ್ 1ರಂದು ಬಂದ ಹೆಸರು. ಅಂದಿನವರೆಗೆ ಉದಗಿರ, ನಿಲಂಗಾ, ಅಹಮದಪುರ ಬೀದರ್ ಜಿಲ್ಲೆಯ ತಾಲ್ಲೂಕುಗಳು. ಜಹೀರಾಬಾದ್, ನಾರಾಯಣಖೇಡ ಕೂಡ. ಭಾಷೆಯ ಲೆಕ್ಕದಲ್ಲಿ ರಾಜ್ಯಗಳನ್ನು ಹಂಚಿದಾಗ ಹೈದರಾಬಾದ್ ಸಂಸ್ಥಾನ ಮೂರು ಪಾಲಾಯಿತು, ಬೀದರ್ ಜಿಲ್ಲೆಯೂ ಮೂರು ಪಾಲಾಯಿತು. ಕನ್ನಡ ಮಾತಾಡುವವರು ಕನ್ನಡದ ರಾಜ್ಯಕ್ಕೆ ಬಂದದ್ದು ಸರಿಯೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅಲ್ಲಿಯವರೆಗೆ ಮಧ್ಯದಲ್ಲಿದ್ದವರು ಒಂದೇ ದಿನದಲ್ಲಿ ಅಂಚಿಗೆ ಬಂದರು.

ಮಧ್ಯ ಎಂದರೆ ಎಷ್ಟು ಮಧ್ಯ? ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿಯಾದ್ದರಿಂದ ನನಗೆ ರಾಜರಿಗಿಂತ ವ್ಯಾಪಾರಿಗಳ ಕಥೆ ಇಷ್ಟ. 15ನೇ ಶತಮಾನದಲ್ಲಿ ರಷ್ಯಾದ ತ್ವೆರ್ ಪಟ್ಟಣದ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ಒಂದು ಕುದುರೆ ಹಿಡಿದುಕೊಂಡು ಸಮುದ್ರ ದಾಟಿ ಬಂದ. ಆ ಕುದುರೆಯನ್ನು ಮಾರಿದ್ದು ಬೀದರಿನಲ್ಲಿ. ಆಳಂದದ ಜಾತ್ರೆಯಲ್ಲಿ ಕುದುರೆ ವ್ಯಾಪಾರ ಜೋರು ಎಂದೂ ಬರೆದಿಟ್ಟಿದ್ದಾನೆ. ರಷ್ಯಾದ ವ್ಯಾಪಾರಿಯೂ ಬಂದು ಮಾಲು ಮಾರುವಂಥ ಮಾರುಕಟ್ಟೆಯನ್ನು ಯಾರೂ ಗಡಿ ಎಂದು ಕರೆಯುವುದಿಲ್ಲ. ಅದೇ ಶತಮಾನದಲ್ಲಿ, ಬಹಮನಿ ಆಸ್ಥಾನದ ಬೀದರಿನಲ್ಲಿ ಫಖ್ರುದ್ದೀನ್ ನಿಜಾಮಿ ಬರೆದ 'ಕದಂ ರಾವ್ ಪದಂ ರಾವ್' ದಖನಿಯಲ್ಲಿ ಉಳಿದಿರುವ ಅತ್ಯಂತ ಹಳೆಯ ಕಾವ್ಯಗಳಲ್ಲಿ ಒಂದು. ಅಂದರೆ ನಮ್ಮ ಮನೆಯಲ್ಲಿ ಅಮ್ಮಿ ಬೈಯುವ ಭಾಷೆ ಲಖನೌದಿಂದ ಬಂದದ್ದಲ್ಲ, ಇಲ್ಲೇ ಬೆಳೆದದ್ದು. ಲಖನೌದವರು ಕೇಳಿದರೆ ನಗುವ ನಮ್ಮ 'ನಕ್ಕೋ' ಮರಾಠಿಯಿಂದ ಬಂದದ್ದು. ನಗಲಿ ಬಿಡಿ.

ಇನ್ನು ಕಾಗದಕ್ಕೆ ಬರುತ್ತೇನೆ. ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆ ಉರ್ದು. ಕಂದಾಯದ ದಾಖಲೆ, ಕೋರ್ಟಿನ ತೀರ್ಪು ಎಲ್ಲ ಉರ್ದುವಿನಲ್ಲಿ. ಹಳ್ಳಿಯ ಪಟವಾರಿ ಕೆಲವು ಕಡೆ ಮರಾಠಿಯ ಮೋಡಿ ಲಿಪಿಯಲ್ಲೂ ಬರೆದಿಟ್ಟಿದ್ದಾನೆ. ಕೈಬರಹ ಶಿಕಸ್ತಾ, ಅಂದರೆ ಅಕ್ಷರಕ್ಕೆ ಅಕ್ಷರ ಅಂಟಿಸಿ ಓಡಿಸಿದ ಬರಹ, ಚುಕ್ಕೆಗಳನ್ನೂ ಸರಿಯಾಗಿ ಇಟ್ಟಿರುವುದಿಲ್ಲ. ಉರ್ದು ಮಾಧ್ಯಮದಲ್ಲಿ ಹತ್ತನೇ ತರಗತಿ ಪಾಸಾದವರಿಗೂ ಮೊದಲ ಸಲಕ್ಕೆ ಅದು ಬಿಡಿಸಲಾಗದು. ಇಸವಿ ಫಸಲಿ. ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿಯ ಹತ್ತಿರಕ್ಕೆ ಬರುತ್ತದೆ, 1350 ಫಸಲಿ ಎಂದರೆ 1940-41. ತಿಂಗಳುಗಳು ಆಜುರ್, ದೈ, ಬಹಮನ್, ಹೀಗೆ ಇರಾನಿ ಹೆಸರುಗಳು.

ನಮ್ಮ ಮನೆಯಲ್ಲಿ ಇದನ್ನು ಓದಬಲ್ಲವರು ದಾದಿ ಒಬ್ಬರೇ. ಅವರು ಶಾಲೆಯಲ್ಲಿ ಓದಿದ್ದು ಕಡಿಮೆ. ಆದರೆ ಅವರ ಅಬ್ಬಾ ಕಚೇರಿಯಲ್ಲಿ ಮುಹರ್ರಿರ್, ಅಂದರೆ ಗುಮಾಸ್ತ. ಅವರ ಬರಹ ನೋಡಿ ನೋಡಿ ದಾದಿಗೆ ಶಿಕಸ್ತಾ ರೂಢಿಯಾಗಿದೆ. ಹೋದ ವರ್ಷ ನಮ್ಮ ಪಕ್ಕದ ಹೊಲದ ಕಾಕಾ ಒಂದು ಕಟ್ಟು ತಂದರು. ಅವರ ಮನೆತನದ ಎರಡು ಕವಲುಗಳ ನಡುವೆ ಒಂದು ಬಾವಿಯ ಜಗಳ, ಕೋರ್ಟು ಮೆಟ್ಟಿಲು ಹತ್ತಿ ಎಷ್ಟೋ ವರ್ಷವಾಗಿದೆ. ಪಟ್ಟಣದಲ್ಲಿ ಒಬ್ಬ ಮನುಷ್ಯ ಪುಟಕ್ಕೆ ಇಷ್ಟು ಎಂದು ದುಡ್ಡು ತೆಗೆದುಕೊಂಡು ಎರಡು ಸಾಲಿನ ಸಾರಾಂಶ ಬರೆದುಕೊಟ್ಟಿದ್ದನಂತೆ. ಅದರಲ್ಲಿ ಬಾವಿಯ ಹೆಸರೇ ಇರಲಿಲ್ಲ.

ದಾದಿ ಭೂತಗನ್ನಡಿ ಹಿಡಿದು ಗಟ್ಟಿಯಾಗಿ ಓದುವುದು, ನಾನು ಅದನ್ನು ಕನ್ನಡದಲ್ಲಿ ಬರೆದುಕೊಳ್ಳುವುದು ಎಂದು ಲೆಕ್ಕ. ಎರಡು ಸಂಜೆ ಹಿಡಿಯಿತು. ಆದರೆ ನನ್ನ ಅನುವಾದಕ್ಕೆ ಕೆಲಸವೇ ಕಡಿಮೆ. ದಾದಿ ಓದುತ್ತಿದ್ದರು: ಜಮೀನು, ರಕಮು, ಖುಷ್ಕಿ, ತರಿ, ಬಾಗಾಯತ್, ಖರಾಬ್, ವಸೂಲ್, ಬಾಕಿ. ಕಾಕಾ ನಾನು ಪೆನ್ನು ಎತ್ತುವ ಮೊದಲೇ ತಲೆಯಾಡಿಸುತ್ತಿದ್ದರು. "ಇದು ನಮ್ಮ ಮಾತೇ ಅದಲ್ರೀ ಚಾಚಿ!" ಎಂದರು. ನಿಜ. ಇವತ್ತಿನ ಕನ್ನಡ ಪಹಣಿ ತೆಗೆದು ನೋಡಿ, ಖುಷ್ಕಿ, ತರಿ, ಬಾಗಾಯ್ತು, ಖರಾಬು ಹಾಗೆಯೇ ಇವೆ. ನಮ್ಮ ಅಕೌಂಟ್ಸ್ ಪುಸ್ತಕದ ಕನ್ನಡ ತೆಗೆದರೂ ಅಷ್ಟೇ. ಜಮಾ, ಖರ್ಚು, ಬಾಕಿ, ನಗದು, ರಸೀದಿ, ದಲ್ಲಾಳಿ. ಲಿಪಿ ಕಣ್ಣಿಗೆ ಪರದೇಶಿ, ಕಿವಿಗೆ ನಮ್ಮದು.

ಕಾಗದ ಹೇಳಿದ್ದೇನು? 1351 ಫಸಲಿಯಲ್ಲಿ ಆ ಸರ್ವೆ ನಂಬರಿನಲ್ಲಿ ಒಂದು ಬಾವಿ, ಅದರಲ್ಲಿ ಅಣ್ಣ ತಮ್ಮ ಇಬ್ಬರಿಗೂ ಅರ್ಧ ಅರ್ಧ. ನಾಲೆಯ ಬದಿಗೆ ಎರಡು ಹುಣಸೆ ಮರ, ಅವೂ ಪಾಲು. ಅಂದರೆ ಕಾಕಾ ಇಷ್ಟು ವರ್ಷ ತಮ್ಮೊಬ್ಬರದೇ ಎಂದು ವಾದಿಸುತ್ತಿದ್ದ ಬಾವಿಯಲ್ಲಿ ಎದುರು ಪಕ್ಷದವರಿಗೂ ಅರ್ಧ ಹಕ್ಕು. ದಾದಿ ಆ ಸಾಲನ್ನು ಎರಡನೇ ಸಲ ಓದಿದರು, ಕಾಕಾ ಕೇಳಿದ್ದಕ್ಕೆ ಮೂರನೇ ಸಲವೂ ಓದಿದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಚಹಾ ಕುಡಿದು ಹೋದರು. ಮುಂದಿನ ವಾರ ಅವರೇ ಎದುರು ಪಕ್ಷದ ಹುಡುಗನನ್ನು ಕರೆದುಕೊಂಡು ಬಂದು "ಇವನಿಗೂ ಓದಿ ಹೇಳ್ರಿ" ಅಂದರು. ಮೊಕದ್ದಮೆ ಇನ್ನೂ ಇದೆ, ಹೊಲದ ಬದುವಿನ ವಿಷಯಕ್ಕೆ. ಬಾವಿಯ ವಿಷಯಕ್ಕೆ ಈಗ ಯಾರೂ ಮಾತಾಡುತ್ತಿಲ್ಲ, ಇಬ್ಬರೂ ಮೋಟರು ಹಚ್ಚುತ್ತಾರೆ.

ಇದನ್ನು ಇಷ್ಟು ವಿವರವಾಗಿ ಬರೆದದ್ದಕ್ಕೆ ಕಾರಣವಿದೆ. "ಹಳೇ ಕಾಗದ ಕೆದಕಿದರೆ ಜಗಳ ಹುಟ್ಟುತ್ತದೆ" ಎಂದು ನನಗೆ ಮೂರ್ನಾಲ್ಕು ಜನ ಹೇಳಿದ್ದಾರೆ, ನಮ್ಮ ಅಬ್ಬಾ ಸೇರಿ. ಜಗಳ ಆಗಲೇ ಹುಟ್ಟಿ ದೊಡ್ಡದಾಗಿ ಮದುವೆಯ ವಯಸ್ಸಿಗೆ ಬಂದಿದೆ. ಕಾಗದ ಓದದೇ ಇದ್ದರೆ ಅದು ದಲ್ಲಾಳಿಯ ಕೈಗೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ.

ಎರಡನೇ ಆಕ್ಷೇಪಣೆ ನನ್ನ ಕ್ಲಾಸಿನ ಗೆಳೆಯರದು: ಭೂಮಿ ಯೋಜನೆಯಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಬಂದಿವೆ, ಇನ್ನು ಉರ್ದು ಕಾಗದ ಯಾಕೆ? ಕಂಪ್ಯೂಟರು ತಾನೇ ಹೊಲಕ್ಕೆ ಹೋಗಿ ನೋಡಿ ಬಂದಿಲ್ಲ. ಅದರ ಮೊದಲನೇ ಎಂಟ್ರಿ ಅದಕ್ಕೂ ಹಿಂದಿನ ಕಾಗದ ನೋಡಿ ಹೊಡೆದದ್ದು. ಓಪನಿಂಗ್ ಬ್ಯಾಲೆನ್ಸ್ ತಪ್ಪಾಗಿದ್ದರೆ ಮುಂದಿನ ಪುಟಗಳೆಲ್ಲ ತಾಳೆಯಾದರೂ ಏನು ಪ್ರಯೋಜನ ಎಂದು ನಮ್ಮ ಅಕೌಂಟ್ಸ್ ಸರ್ ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ವ್ಯಾಜ್ಯ ಬಂದಾಗ ಹಿಂದಕ್ಕೆ ಹೋಗಲೇಬೇಕು. ಮೊಬೈಲಿನಲ್ಲಿ ಫೋಟೋ ತೆಗೆದರೆ ಅದೇ ಓದಿ ಹೇಳುತ್ತದೆ ಎಂದವರೂ ಇದ್ದಾರೆ. ನಾನು ತೆಗೆದು ನೋಡಿದೆ. ಅಚ್ಚಿನ ಉರ್ದುವನ್ನು ಚೆನ್ನಾಗಿ ಓದಿತು, ಮುಹರ್ರಿರ್ ಸಾಹೇಬರ ಶಿಕಸ್ತಾ ಎದುರು ಬಾಯಿ ಮುಚ್ಚಿಕೊಂಡಿತು.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ನಮ್ಮ ಕಡೆ ಉರ್ದು ಎಂದರೆ ಹಲವರಿಗೆ 1948 ನೆನಪಾಗುತ್ತದೆ. ಆ ವರ್ಷದ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ರಜಾಕಾರರು ಜನರನ್ನು ಕೊಂದರು. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೆ ಹಳ್ಳಿಗಳಲ್ಲಿ ಮುಸ್ಲಿಮರ ಹತ್ಯೆಗಳಾದವು. ಭಾರತ ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ಎರಡೂ ನಡೆದವು. ಒಂದನ್ನು ಹೇಳುವವರು ಸಾಮಾನ್ಯವಾಗಿ ಇನ್ನೊಂದನ್ನು ಹೇಳುವುದಿಲ್ಲ. ನಮ್ಮ ದಾದಿ ಎರಡನ್ನೂ ಹೇಳುವುದಿಲ್ಲ, "ಛೋಡ್ ಬೇಟಾ" ಅನ್ನುತ್ತಾರೆ. ಆದರೆ ಅದೇ ಕಾಲದ ಲಿಪಿಯಲ್ಲಿ ಕಾಕಾ ಅವರ ಅಜ್ಜನ ಬಾವಿಯ ಹಕ್ಕೂ ಬರೆದಿದೆ. ಲಿಪಿ ಯಾರನ್ನೂ ಕೊಲ್ಲಲಿಲ್ಲ. ಅದನ್ನು ಓದದೆ ಬಿಟ್ಟರೆ ನಷ್ಟವಾಗುವುದು ಹಿಂದೂ ರೈತನಿಗೂ, ಮುಸ್ಲಿಂ ರೈತನಿಗೂ.

ಬೀದರಿನ ಹತ್ತಿರ ಅಷ್ಟೂರಿನಲ್ಲಿ ಸುಲ್ತಾನ್ ಅಹಮದ್ ಶಾಹ್ ವಲಿಯ ಗೋರಿ ಇದೆ. ಒಳಗೆ ಗುಮ್ಮಟದ ತುಂಬ ಫಾರ್ಸಿ ಬರಹ. ಅಲ್ಲಿನ ಉರುಸು ನಡೆಯುವುದು ಹೋಳಿಯ ನಂತರ, ಹಿಂದೂ ಪಂಚಾಂಗದ ಲೆಕ್ಕದಲ್ಲಿ. ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಜನರೊಂದಿಗೆ ನಡೆದುಕೊಂಡು ಬರುತ್ತಾರೆ. ಲಿಂಗಾಯತ ಭಕ್ತರಿಗೆ ಅವರು ಅಲ್ಲಮಪ್ರಭು, ನಮಗೆ ವಲಿ. ಭಾಷಣಗಳಲ್ಲಿ ಇದನ್ನು ಭಾವೈಕ್ಯ ಎಂದು ಕರೆಯುತ್ತಾರೆ. ನನಗೆ ಆ ಪದ ಸ್ವಲ್ಪ ಭಾರ ಅನ್ನಿಸುತ್ತದೆ. ಬರುವವರಿಗೆ ಅದೊಂದು ಜಾತ್ರೆ, ಅಲ್ಲಿ ಬಳೆ ಕೊಳ್ಳುತ್ತಾರೆ, ಮಿಠಾಯಿ ತಿನ್ನುತ್ತಾರೆ, ಹರಕೆ ತೀರಿಸುತ್ತಾರೆ. ಯಾರ ಲೆಕ್ಕ ಯಾರ ದೇವರು ಎಂಬ ವಿಚಾರ ಅಲ್ಲಿ ಹುಟ್ಟುವುದೇ ಇಲ್ಲ. ಟ್ರಂಕಿನ ಕಾಗದಗಳೂ ಹಾಗೆ ಬೆರೆತ ಬದುಕಿನವು.

ನಮ್ಮಂಥ ಮನೆಗಳಿಗೂ ಒಂದು ಮಾತು ಹೇಳಬೇಕು. ಈ ಲೇಖನವನ್ನು ಕನ್ನಡದಲ್ಲಿ ಬರೆಯುತ್ತೇನೆ ಎಂದಾಗ ನನ್ನ ಕಜಿನ್ ಒಬ್ಬ "ಉರ್ದುವಿನ ಬಗ್ಗೆ ಬರೆಯೋದು, ಅದನ್ನೂ ಕನ್ನಡದಲ್ಲಾ?" ಎಂದು ನಕ್ಕ. ಹೌದು, ಕನ್ನಡದಲ್ಲೇ. ಕಾಗದವನ್ನು ಉರ್ದುವಿನಲ್ಲಿ ಓದಿದರಷ್ಟೇ ಸಾಲದು, ಅರ್ಜಿ ಬರೆಯುವುದು ಕನ್ನಡದಲ್ಲಿ. ಉರ್ದು ಗೊತ್ತಿದ್ದು ಕನ್ನಡ ಬಾರದವನು ಕಾಕಾಗೆ ಉಪಯೋಗಕ್ಕೆ ಬರುವುದಿಲ್ಲ, ಕನ್ನಡ ಮಾತ್ರ ಬಲ್ಲವನೂ ಬರುವುದಿಲ್ಲ. ಎರಡೂ ಬರುವವರು ಎಲ್ಲಿದ್ದಾರೆ? ನಮ್ಮ ಕಾಲೇಜಿನ ಬೆಂಚುಗಳ ಮೇಲೆ ಕೂತಿದ್ದಾರೆ. ಕನ್ನಡ ನಮಗೆ ಪಾಸಾಗಬೇಕಾದ ಪೇಪರು, ಉರ್ದು ಮನೆಯ ಮಾತು ಎಂದು ಎರಡನ್ನೂ ಅರ್ಧಕ್ಕೆ ಬಿಟ್ಟರೆ ಈ ಸೌಲಭ್ಯ ಇನ್ನು ಹತ್ತು ವರ್ಷದಲ್ಲಿ ಮುಗಿಯುತ್ತದೆ. ನಮ್ಮಲ್ಲೇ ಉರ್ದು ಮಾತಾಡಿ, ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರು ಎಷ್ಟು ಜನ ಎಂದು ಎಣಿಸಿ ನೋಡಿ.

1472ರಲ್ಲಿ ಕಟ್ಟಿದ ಗವಾನ್ ಮದರಸಾದ ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅವು ಹೋದವು. ಟ್ರಂಕಿನವು ಇವೆ, ಗೆದ್ದಲು ಹಿಡಿಯುವವರೆಗೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಒಂದು ಗಂಟೆ, ಒಂದು ಕೋಣೆ. ಉರ್ದು ಉಪನ್ಯಾಸಕರು ಶಿಕಸ್ತಾ ಓದುವ ರೂಢಿ ಮಾಡಿಸಲಿ. ಇತಿಹಾಸದವರು ಫಸಲಿ ಲೆಕ್ಕ, ಸೇತ್ವಾರ್, ಖಾಸ್ರಾ ಪಹಣಿ ಎಂದರೇನು ಎಂದು ಹೇಳಲಿ. ವಾಣಿಜ್ಯ ವಿಭಾಗದ ನಾವು ರಿಜಿಸ್ಟರ್ ಇಡುತ್ತೇವೆ, ಅದು ನಮಗೆ ಬರುತ್ತದೆ. ಯಾರ ಕಾಗದವನ್ನೂ ನಾವು ಇಟ್ಟುಕೊಳ್ಳುವುದು ಬೇಡ. ತಂದವರ ಎದುರಿಗೇ ಓದಿ, ಕನ್ನಡದಲ್ಲಿ ಬರೆದು, ಕಾಗದ ವಾಪಸ್. ಓದಲಾಗದ ಶಬ್ದವಿದ್ದರೆ ಊಹಿಸುವುದಲ್ಲ, ಜಾಗ ಖಾಲಿ ಬಿಡುವುದು. ಒಂದು ಶಬ್ದಕ್ಕೆ ಅರ್ಧ ಎಕರೆ ಹೋಗಬಹುದು. ಕೋರ್ಟಿಗೆ ಕೊಡುವ ಅನುವಾದ ನಮ್ಮ ಕೆಲಸವಲ್ಲ, ಅದಕ್ಕೆ ಅಧಿಕಾರವುಳ್ಳವರು ಬೇರೆ. ಆದರೆ ಅವರ ಹತ್ತಿರ ಹೋಗುವ ಮೊದಲು ತನ್ನ ಕೈಯಲ್ಲಿರುವುದು ಏನು ಎಂಬುದು ರೈತನಿಗೆ ಗೊತ್ತಿರಬೇಕು. ದುಡ್ಡು ತೆಗೆದುಕೊಳ್ಳುವಂತಿಲ್ಲ, ಚಹಾ ಕೊಟ್ಟರೆ ಕುಡಿಯಬಹುದು.

ಪ್ರಾಂಶುಪಾಲರಿಗೆ ಅರ್ಜಿ ಬರೆದಿದ್ದೇನೆ, ಕನ್ನಡದಲ್ಲಿ. ಇದುವರೆಗೆ ಒಂಬತ್ತು ಜನ ಸಹಿ ಮಾಡಿದ್ದಾರೆ, ಅದರಲ್ಲಿ ನಾಲ್ವರಿಗೆ ಉರ್ದು ಓದಲು ಬಾರದು, ಬರೆಯುವ ಕೆಲಸಕ್ಕೆ ಬರುತ್ತೇವೆ ಎಂದಿದ್ದಾರೆ. ದಾದಿಗೆ ಈಗ ಎಂಬತ್ತು ದಾಟಿದೆ. ಒಂದು ಕಣ್ಣಿನ ಪೊರೆ ತೆಗೆಸಿದ್ದೇವೆ, ಇನ್ನೊಂದು ಬಾಕಿ. ಬಸ್ಸಿನಲ್ಲಿ ಕೂರಿಸಿಕೊಂಡು ಬಂದರೆ ಮೊದಲ ಎರಡು ಶನಿವಾರ ಅವರೇ ಕಲಿಸುತ್ತಾರಂತೆ, ಮೆಟ್ಟಿಲಿಲ್ಲದ ಕೋಣೆ ಬೇಕು ಅಷ್ಟೇ.

ಇನ್ನೊಂದು ವಿಷಯ. ನಿಮ್ಮ ಊರಿನಲ್ಲಿ ಮೋಡಿ ಲಿಪಿ ಓದಬಲ್ಲ ಹಿರಿಯರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಹೇಳಿ. ಕಾಕಾ ಅವರ ಕಟ್ಟಿನಲ್ಲಿ ಅಂಥ ಎರಡು ಹಾಳೆ ಹಾಗೆಯೇ ಉಳಿದಿವೆ.